ಮದ್ದಿನ ಕೊಂಬು

ಮಹಾನವಮಿಗೆ ಮುಂಚೆ ಅಟ್ಟದ ಸಾಮಾನು ಇಳಿಸಿ ಧೂಳು ಕೊಡವುವುದು ನಮ್ಮ ಮನೆಯಲ್ಲಿ ನಡೆದುಬಂದ ರೂಢಿ. ಈ ಸಲವೂ ಹಿತ್ತಾಳೆ ಕೊಳಗ, ತೂತು ಬಿದ್ದ ಜರಡಿ, ಒಂದು ಕಾಲು ಮುರಿದ ಮಣೆ ಇವನ್ನೆಲ್ಲ ಇಳಿಸುತ್ತಿದ್ದಾಗ ಹಳೆ ಸೀರೆ ತುಂಡಿನ ಗಂಟೊಂದು ಕೈಗೆ ಬಂತು. ಬಿಚ್ಚಿ ನೋಡಬೇಕಾಗಿರಲಿಲ್ಲ. ಬಟ್ಟೆಯೊಳಗಿಂದಲೇ ವಾಸನೆ ಬಂತು... ಗಂಧಕ, ಇದ್ದಿಲು, ಒಣಗಿದ ಕೊಂಬು. ಏಣಿಯ ಮೇಲಿದ್ದವಳು ಇಳಿದು ನೆಲದ ಮೇಲೆ ಕೂತುಬಿಟ್ಟೆ.

ಅದು ಮದ್ದಿನ ಕೊಂಬು. ಎತ್ತಿನ ಕೊಂಬಿನ ಬುಡಕ್ಕೆ ತಗಡು ಬಡಿದು, ತುದಿಗೆ ಮರದ ಬಿರಡೆ ಹಾಕಿ, ಬಂದೂಕಿನ ಮದ್ದು ತುಂಬಿಡಲು ಮಾಡಿದ್ದು. ರಾಯದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಪ್ಪನದು.

ದೊಡ್ಡಪ್ಪ ಎಂದರೆ ರಕ್ತಸಂಬಂಧವೇನಲ್ಲ. ಎರಡು ಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲೊಂದು ಕಿಂಡಿ, ಆ ಕಿಂಡಿಯಲ್ಲಿ ಸಾರು, ಬೆಂಕಿ, ಮಜ್ಜಿಗೆ ಓಡಾಡುತ್ತಿದ್ದವು. ಹಾಗಾಗಿ ಅವರು ದೊಡ್ಡಪ್ಪ, ಅವರ ಹೆಂಡತಿ ದೊಡ್ಡಮ್ಮ, ಅವರ ಒಬ್ಬನೇ ಮಗ ನನಗೆ ಅಣ್ಣ. ಕುರಿ ಸಾಕಿದ ಮನೆ. ಮನೆಯ ಹಿಂದೆ, ಗುಡ್ಡದ ಬುಡಕ್ಕೆ ಹೊಂದಿಕೊಂಡು, ಕಲ್ಲುಗೋಡೆಯ ರೊಪ್ಪ. ಸಂಜೆಯಾದರೆ ಕುರಿಗಳನ್ನೆಲ್ಲ ಅದರೊಳಗೆ ಕೂಡುತ್ತಿದ್ದರು.

ಆಗ ಮದ್ರಾಸ್ ಸರ್ಕಾರ. ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಂದೂಕಿಗೆ ಲೈಸೆನ್ಸು ಸಿಗುವುದು ಹುಡುಗಾಟವಾಗಿರಲಿಲ್ಲ. ಗುಡ್ಡದಲ್ಲಿ ಚಿರತೆ ಇದೆ, ತೋಳ ಇದೆ, ಜೀವರಕ್ಷಣೆಗೂ ಕುರಿ ಕಾಯುವುದಕ್ಕೂ ಬೇಕು ಎಂದು ಅರ್ಜಿ ಹಾಕಿ, ತಾಲೂಕು ಕಚೇರಿಗೆ ಅಲೆದೂ ಅಲೆದೂ ದೊಡ್ಡಪ್ಪ ಅದನ್ನು ಪಡೆದಿದ್ದರಂತೆ. ನಮ್ಮ ಓಣಿಗೆಲ್ಲ ಅದೊಂದೇ ಬಂದೂಕು. ಮೂತಿಯಿಂದ ಮದ್ದು ಸುರಿದು, ಬಟ್ಟೆ ತುರುಕಿ, ಸೀಸದ ಗುಂಡು ಹಾಕಿ, ಸಲಾಕೆಯಿಂದ ಗಿಡಿಯುವಂಥದು.

ಕಟ್ಟೆಯ ಮೇಲೆ ಕೂತವರು ಕೆಣಕುತ್ತಿದ್ದರು. "ಏನ್ರಿ, ಇಡೀ ಓಣ್ಯಾಗ ಸರ್ಕಾರಕ್ಕ ನೀವೊಬ್ರೇ ನಂಬಿಗಸ್ತರು ಕಂಡ್ರೇನು?"

"ನಂಬಿಗಿ ಎಲ್ಲೀದು ತಗೀರಿ," ಎನ್ನುತ್ತಿದ್ದರು ದೊಡ್ಡಪ್ಪ. "ನಮ್ಮ ಕೈಯಾಗ ಬಂದೂಕ ಕಂಡ್ರ ಅವರ ಎದಿ ಢವಢವ ಅಂತೈತಿ. ಹಂಗಂತ ನನ್ನ ಕುರಿ ಕಾಯಾಕ ಕಲೆಕ್ಟರ್ ಸಾಹೇಬ್ರು ಕಂಬ್ಳಿ ಹೊದ್ಕಂಡು ಬರ್ತಾರೇನು? ನಮ್ಮ ಜೀವ ನಾವು ಕಾಯ್ಕಳ್ಳಾಕ ಇನ್ನೊಬ್ರ ಅಪ್ಪಣಿ ಬೇಕಾಗೈತಿ. ಅದು ನೋಡ್ರಿ ನಾಚಿಕಿ."

ಅವರು ಬೇಟೆಗೆ ಹೋದವರಲ್ಲ. ಬಂದೂಕಿನ ಮೂತಿ ಮನುಷ್ಯರ ಕಡೆ ಅಪ್ಪಿತಪ್ಪಿ ತಿರುಗಿದರೂ ಸಿಟ್ಟಾಗುತ್ತಿದ್ದರು. ಚಿರತೆ ಬಂದರೂ ಗಾಳಿಗೆ ಒಂದು ಏಟು ಹಾರಿಸುವುದು, ಅಷ್ಟೆ. "ಗುರಿ ಬ್ಯಾಡವ್ವಾ, ಸದ್ದು ಸಾಕು. ಬಂದ ದಾರಿ ಹಿಡಿದು ಹೋಗ್ತೈತಿ," ಎಂದು ನನಗೆಷ್ಟೋ ಸಲ ಹೇಳಿದ್ದರು. ಆ ಮಾತು ಆಮೇಲೆ ನನ್ನನ್ನು ಎಷ್ಟು ಕಾಡಿತೆಂದರೆ...

ಗುರಿಯ ಹುಚ್ಚು ಮಾತ್ರ ಅವರಿಗೆ ಬೇರೆಯೇ ಇತ್ತು. ಗುಡ್ಡದ ಬುಡದ ಬಂಡೆಯ ಮೇಲೆ ಒಡೆದ ಮಡಕೆಗಳನ್ನು ಸಾಲಾಗಿ ಇಟ್ಟು ಹೊಡೆಯುತ್ತಿದ್ದರು. ಓಣಿಯ ಹೆಂಗಸರು ಕಂಠ ಹೋದ ಕೊಡ, ಬಿರುಕು ಬಿಟ್ಟ ಗಡಿಗೆ ಯಾವುದನ್ನೂ ಬಿಸಾಡುತ್ತಿರಲಿಲ್ಲ, ದೊಡ್ಡಪ್ಪನಿಗೆಂದು ಅವರ ಹಿತ್ತಿಲ ಗೋಡೆಗೆ ಒರಗಿಸಿಟ್ಟು ಹೋಗುತ್ತಿದ್ದರು. ದೊಡ್ಡಮ್ಮ ಮಡಕಶಿರದ ಕಡೆಯವರು. ಅಮರಾಪುರದ ಹತ್ತಿರದ ಹಳ್ಳಿ ಅವರ ತವರು. ಅವರ ಮಾತಿನ ರಾಗವೇ ಬೇರೆ. "ಒಡೆದಿರೋ ಮಡಕೇನ ಇನ್ನೊಂದ್ಸಲ ಒಡೆಯಾಕೆ ಇವರಿಗೆ ಸರ್ಕಾರದ ಪರ್ಮಿಷನ್ ಬೇರೆ ಐತೆ ಕಣವ್ವ," ಎಂದು ನಗುತ್ತಿದ್ದರು. ದೊಡ್ಡಪ್ಪ ತಕ್ಷಣ, "ಐತೆ ಅಲ್ಲ, ಐತಿ ಅನ್ನು. ಬಂದು ಇಷ್ಟು ವರ್ಷ ಆತು, ಇನ್ನೂ ನಮ್ಮ ಮಾತು ಬರವಲ್ದು," ಎನ್ನುತ್ತಿದ್ದರು. ಇದು ದಿನಾ ಇದ್ದದ್ದೇ.

ಅವರ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಆಯುಧಪೂಜೆಗೆ ತುಂಬಿದ ಬಂದೂಕು ಇಡಬಾರದು. ಅದಕ್ಕಾಗಿ ಹಿಂದಿನ ದಿನವೇ ಅದರಲ್ಲಿದ್ದ ಏಟನ್ನು ಬಂಡೆಯ ಮೇಲಿನ ಮಡಕೆಗೆ ಹೊಡೆದು ಖಾಲಿ ಮಾಡಿ, ಎಣ್ಣೆ ಹಚ್ಚಿ ಒರೆಸಿ ಒಳಗೆ ತರುತ್ತಿದ್ದರು. ಪೂಜೆಯ ದಿನ ಕುಡುಗೋಲು, ಗುದ್ದಲಿ, ಕುರಿ ಉಣ್ಣೆ ಕತ್ತರಿಸುವ ಕತ್ತರಿ, ಎಲ್ಲದರ ನಡುವೆ ಬಂದೂಕು. ವಿಭೂತಿ, ಕುಂಕುಮ, ಚೆಂಡು ಹೂವು. ಮಾರನೆಯ ದಿನ ಬನ್ನಿ ಪೂಜೆಯಾಗಿ, ಈ ಪೂಜೆ ಎತ್ತುವವರೆಗೆ ಯಾವ ಆಯುಧವನ್ನೂ ಯಾರೂ ಮುಟ್ಟುವಂತಿಲ್ಲ. ಅವೂ ಒಂದು ದಿನ ದಣಿವು ಆರಿಸಿಕೊಳ್ಳಲಿ ಎನ್ನುವ ಭಾವನೆ.

ಆ ವರ್ಷ ಕಡೆಯ ಏಟನ್ನು ದೊಡ್ಡಪ್ಪ ಮಗನಿಗೆ ಬಿಟ್ಟುಕೊಟ್ಟರು. ಅಣ್ಣನಿಗೆ ಆಗ ಹೆಣ್ಣು ನೋಡುತ್ತಿದ್ದರು. ನನಗೂ ಮಡಕಶಿರದ ಕಡೆ ಗಂಡು ಗೊತ್ತಾಗಿತ್ತು. ಅಣ್ಣ ಕಣ್ಣು ಕಿರಿದು ಮಾಡಿ ಹೊಡೆದ. ಹೊಗೆ ಹರಿಯಿತು, ಮಡಕೆ ನಿಂತಲ್ಲೇ ನಿಂತಿತ್ತು. "ಹೆಣ್ಣಿನ ಮನಿಯವರು ಇದನ್ನ ನೋಡಿಲ್ಲಲ್ಲಪ್ಪಾ, ನಿನ್ನ ಪುಣ್ಯ," ಎಂದರು ದೊಡ್ಡಪ್ಪ. ಎಲ್ಲರೂ ನಕ್ಕೆವು. ಮಡಕೆಯನ್ನು ಹಾಗೇ ಬಂಡೆಯ ಮೇಲೆ ಬಿಟ್ಟು ಬಂದೆವು. ದೊಡ್ಡಪ್ಪ ಕೊಂಬನ್ನು ಮನೆಯೊಳಗಿನ ಗೂಟಕ್ಕೆ ತಗುಲಿಹಾಕಿದರು.

ಮರುದಿನ ಸಂಜೆ ಅರಿಶಿನ ಕುಂಕುಮಕ್ಕೆಂದು ನಾನು ಅವರ ಮನೆಗೆ ಹೋಗಿದ್ದೆ. ಕುರಿ ಕೂಡುವ ಹೊತ್ತು, ಇನ್ನೂ ಬೆಳಕಿತ್ತು. ದೊಡ್ಡಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ಮನೆಯ ಹಿಂದಿನಿಂದ ಕುರಿಗಳೆಲ್ಲ ಒಟ್ಟಿಗೆ ಕೂಗಿದವು. ಅದರ ಹಿಂದೆಯೇ ಅಣ್ಣನ ಧ್ವನಿ. "ಅಪ್ಪಾ, ಚಿರತಿ! ರೊಪ್ಪದಾಗ ಬಿತ್ತು!"

ದೊಡ್ಡಪ್ಪ ಬಂದೂಕಿಗೆ ಕೈ ಚಾಚಿದರು. ಅವರ ಬೆರಳು ಚೆಂಡು ಹೂವಿಗೆ ತಾಗಿದ್ದನ್ನು ನಾನು ನೋಡಿದೆ.

"ಬ್ಯಾಡಿ! ಪೂಜೆ ಎತ್ತಿಲ್ಲ, ಮುಟ್ಟಬ್ಯಾಡಿ!" ಎಂದರು ದೊಡ್ಡಮ್ಮ.

ಕೈ ನಿಂತಿತು. ಒಂದು ಕ್ಷಣ, ಅಷ್ಟೆ. ಆಮೇಲೆ ಅವರು ಬಾಗಿಲ ಮೂಲೆಯಲ್ಲಿದ್ದ ದೊಣ್ಣೆ ಎಳೆದುಕೊಂಡು ಓಡಿದರು. ದೊಡ್ಡಮ್ಮನ ಕೈಯಲ್ಲಿ ಆರತಿ ಇನ್ನೂ ಉರಿಯುತ್ತಿತ್ತು... ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆ ದಿನ ನಮ್ಮ ಓಣಿಯ ಯಾವ ಹೆಂಗಸಾಗಿದ್ದರೂ ಅದನ್ನೇ ಹೇಳುತ್ತಿದ್ದಳು. ನನ್ನ ತಾಯಿಯೂ ಹೇಳುತ್ತಿದ್ದಳು.

ಓಣಿಯವರೆಲ್ಲ ಕೂಗುತ್ತ ಸೇರುವಷ್ಟರಲ್ಲಿ ಚಿರತೆ ಗೋಡೆ ಹಾರಿ ಹೋಗಿತ್ತು. ಕುರಿಗೆ ಅಡ್ಡ ನಿಂತ ಅಣ್ಣನ ಹೆಗಲು, ಕುತ್ತಿಗೆ ಹರಿದಿದ್ದವು. ಬಂಡಿ ಕಟ್ಟಿ ಆಸ್ಪತ್ರೆಗೆ ಒಯ್ದರು. ಗಾಯ ಕೀವಾಯಿತು, ಜ್ವರ ಏರಿತು. ದೀಪಾವಳಿಗೆ ಅವನು ಇರಲಿಲ್ಲ.

ಸಾವಿನ ಮನೆಯಲ್ಲಿ ಎಲ್ಲರೂ ಕೂತಿದ್ದರು. ದೊಡ್ಡಮ್ಮ ಕಂಬಕ್ಕೆ ಒರಗಿದ್ದರು; ಅಳುವ ಶಕ್ತಿಯೂ ಉಳಿದಿರಲಿಲ್ಲ. ಬಂಧುಗಳ ಪೈಕಿ ಒಬ್ಬ ಮುದುಕಿ ಮೆಲ್ಲಗೆ ಸುರುಮಾಡಿದಳು. "ಮನ್ಯಾಗ ಬಂದೂಕ ಇದ್ದೂ... ಆ ಹೊತ್ನ್ಯಾಗ ಯಾರೋ ಬ್ಯಾಡ ಅಂದ್ರಂತಲ್ಲ..."

ದೊಡ್ಡಮ್ಮನ ಕಣ್ಣು ಮುಚ್ಚಿಕೊಂಡವು. ಹೊರಗೆ ಕೂತಿದ್ದ ದೊಡ್ಡಪ್ಪ ಎದ್ದು ಬಾಗಿಲಿಗೆ ಬಂದರು.

"ಯಾರು ಬ್ಯಾಡ ಅಂದ್ರೂ ಅಷ್ಟೇ, ಹೂಂ ಅಂದ್ರೂ ಅಷ್ಟೇವ್ವಾ. ಮದ್ದ ಇರ್ಲಿಲ್ಲ. ಗಡಿಗಿ ಹೊಡಿಯೋದ್ರಾಗ ನಾನೇ ಎಲ್ಲಾ ಖರ್ಚು ಮಾಡಿ ಕುಂತಿದ್ದೆ. ಕೊಂಬು ಖಾಲಿ ಇತ್ತು. ಎತ್ತಿದ್ರ ಬರೇ ಕಬ್ಬಿಣ."

ಮುದುಕಿ ಸುಮ್ಮನಾದಳು. ಆದರೆ ಊರು ಸುಮ್ಮನಾಗಲಿಲ್ಲ. ಗಡಿಗೆ ಒಡೆಯುವ ಚಟಕ್ಕೆ ಮದ್ದೆಲ್ಲ ಸುಟ್ಟು ಮಗನನ್ನು ಕಳಕೊಂಡವನು ಎಂಬ ಮಾತು ಬಾವಿಕಟ್ಟೆಯಿಂದ ಸಂತೆಯವರೆಗೆ ಹರಡಿತು. ಅವರೆದುರಿಗೇ ಆಡಿದವರೂ ಇದ್ದರು. ದೊಡ್ಡಪ್ಪ ತಲೆ ಬಗ್ಗಿಸಿ ದಾಟಿ ಹೋಗುತ್ತಿದ್ದರು. ದೊಡ್ಡಮ್ಮನ ಕಡೆ ಮಾತ್ರ ಯಾರೂ ಬೆರಳು ತೋರಿಸಲಿಲ್ಲ.

ಆಮೇಲೆ ಅವರು ಬಂದೂಕನ್ನು ತಾಲೂಕು ಕಚೇರಿಗೆ ಒಪ್ಪಿಸಿ ಬಂದರು. ಜೊತೆಗೆ ನಮ್ಮಪ್ಪ ಹೋಗಿದ್ದ. ಅಲ್ಲಿನ ಗುಮಾಸ್ತ ಕೇಳಿದನಂತೆ, "ಜೀವರಕ್ಷಣೆಗೆ ಅಂತ ಬರೆಸಿದ್ರಲ್ಲ, ಈಗ ಯಾಕ ಬ್ಯಾಡ?" ದೊಡ್ಡಪ್ಪ ಅಂದದ್ದು ಇಷ್ಟೇ. "ರಕ್ಷಣಿ ಮಾಡೋ ಜೀವ ಹೋತ್ರಿ." ಅದನ್ನು ನಮ್ಮಪ್ಪ ಮನೆಗೆ ಬಂದು ಹೇಳಿದ. ಕೊಂಬನ್ನು ಯಾರೂ ಕೇಳಲಿಲ್ಲ. ಅದು ಮನೆಯಲ್ಲೇ ಉಳಿಯಿತು.

ನಾನು ಮದುವೆಯಾಗಿ ಮಡಕಶಿರಕ್ಕೆ ಹೊರಟ ದಿನ ಬಂಡಿಯಿಂದ ಹಿಂತಿರುಗಿ ನೋಡಿದೆ. ಅಣ್ಣನ ಗುರಿ ತಪ್ಪಿದ ಆ ಮಡಕೆ ಬಂಡೆಯ ಮೇಲೆ ಇನ್ನೂ ನಿಂತಿತ್ತು. ಅದನ್ನು ತೆಗೆಯುವ ಧೈರ್ಯ ಯಾರಿಗೂ ಆಗಿರಲಿಲ್ಲವೋ ಏನೋ...

ಕೆಲವು ವರ್ಷಗಳ ಮೇಲೆ ದೊಡ್ಡಪ್ಪ ತೀರಿಕೊಂಡರು. ದೊಡ್ಡಮ್ಮ ತವರಿಗೆ, ತಮ್ಮನ ಮನೆಗೆ ಬಂದರು. ಮಡಕಶಿರದ ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು ರಾಗಿ ಅಂಬಲಿ ಕುಡಿದು ಹೋಗುತ್ತಿದ್ದರು. ಒಂದು ಸಲ ಬಂದಾಗ ಮಡಿಲಿಂದ ಈ ಗಂಟು ತೆಗೆದು ನನ್ನ ಕೈಯಲ್ಲಿಟ್ಟರು.

"ಒಂದ್ಸಲ ಅಲ್ಲಾಡಿಸಿ ನೋಡವ್ವ," ಎಂದರು.

ಅಲ್ಲಾಡಿಸಿದೆ. ಒಳಗೆ ಸರಸರ ಎಂದು ಮದ್ದು ಸರಿದಾಡಿತು. ಅರ್ಧಕ್ಕಿಂತ ಹೆಚ್ಚೇ ಇತ್ತು.

"ಖಾಲಿ ಅಂದಿದ್ರಲ್ಲ ದೊಡ್ಡಪ್ಪ..."

"ಅವರು ಅಂದ ದಿನವೇ ನಾನು ಗೂಟದಿಂದ ಇಳಿಸಿ ನೋಡಿದೀನಿ ಕಣವ್ವ. ನನ್ನ ಕಡೆ ಯಾರೂ ನೋಡದಿರ್ಲಿ ಅಂತ ಹಂಗಂದ್ರು."

"ಗೊತ್ತಾದ ಮೇಲೂ ನೀವು ಯಾಕೆ ಸುಮ್ಮನಿದ್ರಿ?"

ದೊಡ್ಡಮ್ಮ ಅಂಬಲಿಯ ಲೋಟವನ್ನು ಕೈಯಲ್ಲಿ ತಿರುಗಿಸಿದರು. "ನಾನು ನಂಬಿದೀನಿ ಅಂತ ಅವರಿಗೊಂದು ಸಮಾಧಾನ ಇತ್ತು. ಮಗನೂ ಹೋದ, ಮರ್ಯಾದೆನೂ ಹೋತು. ಅದೊಂದು ಉಳಿದಿತ್ತು. ಅದನ್ನೂ ನಾನೇ ಕಿತ್ಕಳ್ಳಾದಾ? ಅವರು ಉಣ್ಣಾಕೆ ಕೂತಾಗೆಲ್ಲ ಆ ಗೂಟದ ಕಡೆ ಬೆನ್ನು ಮಾಡಿ ಕೂರೋರು. ನಾನೂ ಆ ಕಡೆ ನೋಡ್ತಿರಲಿಲ್ಲ. ಹಂಗೇ ಕಳೆದ್ವಿ." ಲೋಟ ಕೆಳಗಿಟ್ಟು, "ಇದನ್ನ ನಾನು ಸಾಯೋವಾಗ ಪಕ್ಕದಾಗೆ ಇಟ್ಕಳ್ಳಾಕೆ ಆಗಲ್ಲ. ನೀನು ಇಟ್ಕೊ. ಅವತ್ತು ನೀನೂ ಅಲ್ಲೇ ಇದ್ದೆ," ಎಂದರು.

ಅವರೂ ಹೋಗಿ ಬಹಳ ಕಾಲವಾಯಿತು. ಒಲೆ ಉರಿಯುವ ಮನೆಯಲ್ಲಿ ಮದ್ದು ಇಟ್ಟುಕೊಳ್ಳಬೇಡ ಎಂದು ನಮ್ಮ ಮನೆಯವರು ಹೇಳುತ್ತಲೇ ಬಂದಿದ್ದಾರೆ. ನಾನೇ ಕೇಳಿರಲಿಲ್ಲ.

ಈ ಸಲ ಅದನ್ನು ಹಿತ್ತಿಲಿಗೆ ಒಯ್ದೆ. ಕರಿಬೇವಿನ ಗಿಡದ ಆಚೆ ಕುಣಿ ತೋಡಿ, ಬಿರಡೆ ತೆಗೆದು ಬೋರಲು ಹಿಡಿದೆ. ಕೆಲವು ಕಡೆ ಗಂಟುಗಟ್ಟಿತ್ತು. ಕಡ್ಡಿಯಿಂದ ಕೆದಕಿ ಪೂರ್ತಿ ಸುರಿದೆ. ಮೇಲೆ ಒಂದು ಕೊಡ ನೀರು ಹೊಯ್ದು ಮಣ್ಣು ಮುಚ್ಚಿದೆ. ಕೊಂಬನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಏನೂ ಸದ್ದಿಲ್ಲ.

ದೊಡ್ಡಪ್ಪ ಅವತ್ತು ಬಾಗಿಲಲ್ಲಿ ನಿಂತು ಹೇಳಿದ ಮಾತು ಈಗ ನಿಜವಾಗಿದೆ. ಕೊಂಬು ಖಾಲಿ. ಹೋಗಿ ಹೇಳೋಣವೆಂದರೆ ಆ ಕಿಂಡಿ ಗೋಡೆಯ ಆಚೆ ಯಾರೂ ಇಲ್ಲ.