ಕರುಣಾ ಕೇಳುವ ಮೂರು ಪ್ರಶ್ನೆ

ಶಹಾಬಾದದ ನಮ್ಮ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕರುಣಾಳ ಜೊತೆ ಕೆಲಸ ಮಾಡತೊಡಗಿ ನನಗೆ ಹನ್ನೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ಆಕೆಯ ಮೇಲೆ ನನಗೆ ಸಿಟ್ಟು ಬಾರದ ದಿನಗಳು ಬೆರಳೆಣಿಕೆಯಷ್ಟು. ನಾಲವಾರದಿಂದ ಬೆಳಗಿನ ಪ್ಯಾಸೆಂಜರ್ ಹತ್ತಿ ಬರುತ್ತಾಳೆ. ರೈಲು ತಡವಾದರೆ ರೋಗಿಗಳ ಸಾಲು ಹೊರಗಿನ ಬೇವಿನ ಗಿಡ ಮುಟ್ಟಿರುತ್ತದೆ. ಆದರೂ ಆಕೆಗೆ ಅವಸರವಿಲ್ಲ. ಕೈ ತೊಳೆಯಬೇಕು, ಹೊಸ ಗ್ಲೌಸ್ ಹಾಕಬೇಕು, ಸ್ಪಿರಿಟ್ ಒರೆಸಿದ ಜಾಗ ಒಣಗುವ ತನಕ ಕಾಯಬೇಕು. ಸೂಜಿ ಚುಚ್ಚುವ ಮುಂಚೆ ಮೂರು ಪ್ರಶ್ನೆ: ನಿಮ್ಮ ಹೆಸರೇನು, ಅಪ್ಪನ ಹೆಸರೇನು, ಯಾವ ಊರು?

ಸ್ವಂತದವರನ್ನೂ ಬಿಡುವುದಿಲ್ಲ. ಒಮ್ಮೆ ಆಕೆಯ ಅಪ್ಪನ ತಮ್ಮ, ಕಾಕಾ ದಶರಥ ಬಂದಿದ್ದರು. "ನಿಮ್ಮಪ್ಪನ ಹೆಸ್ರೇನ್ರಿ?" ಎಂದು ಕೇಳಿದ್ದಕ್ಕೆ, "ನಮ್ಮಪ್ಪ ಅಂದ್ರ ನಿಮ್ಮ ಮುತ್ಯಾ, ಅವ್ನ ಹೆಸ್ರೇ ಮರ್ತಿಯೇನವ್ವಾ?" ಎಂದು ಬೈದು ಎದ್ದೇ ಹೋದರು.

ನಾನು ಶಿವರಂಜನಿ, ವಾರ್ಡಿನ ನರ್ಸು. ಒಂದು ದಿನ ಆ ಸಾಲು ನೋಡಲಾರದೆ ಹತ್ತು ಟ್ಯೂಬುಗಳಿಗೆ ಮೊದಲೇ ಹೆಸರಿನ ಚೀಟಿ ಅಂಟಿಸಿಟ್ಟೆ. ಕರುಣಾ ಖುಷಿಪಡುತ್ತಾಳೆ ಅಂದುಕೊಂಡರೆ ಹತ್ತನ್ನೂ ಕಸದ ಡಬ್ಬಿಗೆ ಹಾಕಿದಳು.

"ರಗತ ತೆಗೆದ ಮ್ಯಾಲ, ಅವ್ರ ಮುಂದ, ನಾನೇ ಬರೀತೀನಿ. ನೀವು ಮುಟ್ಟಬ್ಯಾಡ್ರಿ ಸಿಸ್ಟರ್," ಎಂದಳು. ಎರಡು ದಿನ ನಾನು ಆಕೆಯ ಜೊತೆ ಚಹಾ ಕುಡಿಯಲಿಲ್ಲ.

ಹೋದ ಬೇಸಿಗೆಯಲ್ಲಿ ಭಂಕೂರದ ಜಗದೇವಿ ವಾರ್ಡಿಗೆ ಬಂದಳು. ಗರ್ಭಕೋಶದಲ್ಲಿ ಗಡ್ಡೆ. ತಿಂಗಳುಗಟ್ಟಲೆ ರಕ್ತ ಹೋಗಿ ಮುಖ ಬಿಳಿಚಿತ್ತು, ಹಿಂದಿನ ದಿನ ಊರಲ್ಲಿ ಬೆರಳು ಚುಚ್ಚಿ ನೋಡಿದಾಗ ಹಿಮೋಗ್ಲೋಬಿನ್ ಐದೂವರೆಗೆ ಇಳಿದಿತ್ತು. ಎರಡು ಚೀಲ ರಕ್ತ ಏರಿಸದೆ ಆಪರೇಷನ್ ಮಾಡುವಂತಿರಲಿಲ್ಲ. ಆಕೆಯ ರಕ್ತದ ಮಾದರಿ ಕಲಬುರಗಿಯ ರಕ್ತನಿಧಿಗೆ ಹೋದರೆ ಅದಕ್ಕೆ ಹೊಂದುವ ರಕ್ತ ಅಲ್ಲಿಂದ ಬರಬೇಕು. ಜೊತೆಗಿದ್ದ ಅಕ್ಕ ರತ್ನಾಬಾಯಿಯ ಕೈಗೆ ಚೀಟಿ ಕೊಟ್ಟು, "ತಂಗಿಗಿ ಕರ್ಕೊಂಡು ಕರುಣಾನ ಹಂತ್ಯಾಕ ಹೋಗ್ರಿ," ಎಂದು ಹೇಳಿ ನಾನು ಬೇರೆ ರೋಗಿಯ ಕಡೆ ಹೋದೆ.

ಅರ್ಧ ಗಂಟೆ ಕಳೆಯಿತು. ಹೊರಗೆ ಮಾದರಿ ಒಯ್ಯಬೇಕಿದ್ದ ಜೀಪಿನ ಡ್ರೈವರ್ ಹಾಜಿಸಾಬ ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗಿದ್ದ. ಹೋಗಿ ನೋಡಿದರೆ ಕರುಣಾ ಟ್ಯೂಬು ಹಿಡಿದು ಕೂತಿದ್ದಾಳೆ. ಕಳಿಸುವ ಮುಂಚೆ ಒಂದು ಹನಿ ಮಷೀನಿಗೆ ಹಾಕಿ ನೋಡಿದಳಂತೆ, ಹಿಮೋಗ್ಲೋಬಿನ್ ಹನ್ನೆರಡೂವರೆ ತೋರಿಸಿತಂತೆ.

"ಮಷೀನ್ ಕೆಟ್ಟಿರಬೇಕು. ಕೊಟ್ಟು ಕಳಿಸವ್ವಾ, ಡಾಕ್ಟರ್ ಬೈಲಿಕತ್ತಾರ!" ಎಂದೆ.

"ಮಷೀನ್ ಮುಂಜಾನಿಂದ ನೆಟ್ಟಗದ ಸಿಸ್ಟರ್. ಐದೂವರೆ ಇದ್ದಾಕಿಗಿ ಒಂದೇ ದಿನದಾಗ ಹನ್ನೆರಡೂವರೆ ಹ್ಯಾಂಗ ಆಗ್ತದ?"

ಟ್ಯೂಬು ಹಿಡಿದುಕೊಂಡೇ ವಾರ್ಡಿಗೆ ನಡೆದಳು. ನಾನು ಗೊಣಗುತ್ತ ಹಿಂದೆ ಹೋದೆ.

ಜಗದೇವಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕರುಣಾ ಆಕೆಯ ಎರಡೂ ತೋಳು ಹೊರಳಿಸಿ ನೋಡಿದಳು. ಸೂಜಿಯ ಗುರುತೇ ಇಲ್ಲ. ಪಕ್ಕದ ಸ್ಟೂಲಿನ ಮೇಲೆ ರತ್ನಾಬಾಯಿ ಮೊಳಕೈ ಮಡಚಿ ಹತ್ತಿಯ ಉಂಡೆ ಒತ್ತಿಕೊಂಡು ಕೂತಿದ್ದಳು.

"ನಿಮ್ಮ ಹೆಸ್ರು ಜಗದೇವಿ ಅಂದ್ರಲ್ರಿ!" ಎಂದಳು ಕರುಣಾ.

"ಅಂದೀನಿ. ಅಕಿ ಮೈಯಾಗ ರಗತಾನೇ ಇಲ್ಲ, ಮತ್ತ ಅಕಿದೇ ತೆಗೀತೀರಿ. ಕರುಳು ಅದನೋ ಇಲ್ಲೋ ನಿಮಗ? ನನ್ನ ಮೈಯಾಗ ಬೇಕಾದಷ್ಟು ಅದ, ಕೊಟ್ಟೀನಿ. ಒಬ್ಬಾಕಿ ಹೊಟ್ಟ್ಯಾಗ ಹುಟ್ಟೀವಿ, ರಗತ ಬ್ಯಾರೆ ಇರ್ತದೇನು?"

ಅಪ್ಪ ಒಬ್ಬನೇ, ಹುಟ್ಟಿದ ಊರೂ ಒಂದೇ. ಮೂರು ಪ್ರಶ್ನೆಗೂ ತಂಗಿಯ ಉತ್ತರವನ್ನೇ ಕೊಟ್ಟು ಬಂದಿದ್ದಳು ಮಹಾತಾಯಿ. ಇಂಥ ಪ್ರೀತಿಗೆ ಏನು ಮಾಡಬೇಕು ಹೇಳಿ. ನನಗಂತೂ ತಲೆ ಚಚ್ಚಿಕೊಳ್ಳುವಂತಾಯಿತು.

ಕರುಣಾ ಹೊಸ ಸೂಜಿ, ಟ್ಯೂಬು ತಂದಳು. ಮಂಚದ ಪಕ್ಕ ಕೂತು ಜಗದೇವಿಯ ತೋಳಿಗೆ ಪಟ್ಟಿ ಬಿಗಿದಳು. ನರ ಸಿಗಲು ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ರತ್ನಾಬಾಯಿ ಅತ್ತಳು. ಕರುಣಾ ಟ್ಯೂಬಿನ ಮೇಲೆ ಅಲ್ಲೇ ಹೆಸರು ಬರೆದು, ಲ್ಯಾಬಿಗೆ ಹೋಗಿ ಇಬ್ಬರ ಗುಂಪನ್ನೂ ಪರೀಕ್ಷಿಸಿ ಬಂದಳು.

"ನಿಮ್ಮ ರಗತ ಎ, ಅಕಿದು ಓ. ನಿಮ್ಮದಕ್ಕ ಹೊಂದೋ ರಗತ ತಂದು ಅಕಿಗಿ ಏರ್ಸಿದ್ರ ನಿಮ್ಮ ತಂಗಿ ಸಾಯ್ತಿದ್ಲು, ಅಕ್ಕಾ."

ರತ್ನಾಬಾಯಿಯ ಅಳು ನಿಂತಿತು. ತಂಗಿಯ ಮಂಚದ ಬದಿಗೆ ಸರಿದು ಆಕೆಯ ಕೈ ಹಿಡಿದು ಕೂತಳು.

ಹಾಜಿಸಾಬನ ಕೈಗೆ ಹೊಸ ಮಾದರಿ ಕೊಟ್ಟು ಮರಳುವಾಗ ಕರುಣಾ ಬಾಗಿಲಲ್ಲೇ ನಿಂತಳು. "ಹೆಸ್ರು ಕೇಳ್ದೆ, ಊರು ಕೇಳ್ದೆ. ಮಾರಿ ನೋಡ್ಲಿಲ್ಲ ಸಿಸ್ಟರ್. ಐದೂವರೆ ಇದ್ದಾಕಿ ಮುಖ ಬಿಳಿಚಿರ್ಬೇಕು, ಕೆಂಪನ ಮಾರಿ ನನ್ನ ಎದುರಿಗೇ ಇತ್ತು," ಎಂದಳು. ಬೈಯಬೇಕೆಂದು ಇಟ್ಟುಕೊಂಡಿದ್ದ ಮಾತು ಬಿಟ್ಟು ನಾನು ಆಕೆಗೆ ಚಹಾ ತರಿಸಿದೆ.

ಮರುದಿನ ರಕ್ತದ ಚೀಲ ಬಂತು. ಹೆಸರು, ನಂಬರು, ಗುಂಪು ಗಟ್ಟಿಯಾಗಿ ಓದಿ ಏರಿಸಲು ಹೋದರೆ ರತ್ನಾಬಾಯಿ ಅಡ್ಡ ನಿಂತಳು. "ಇನ್ನೊಮ್ಮಿ ಓದ್ರಿ."

ಓದಿದೆ.

"ಕರುಣಾ ಅಕ್ಕೋರಿಗಿ ಕರೀರಿ. ಅವ್ರೂ ಓದ್ಲಿ."

ಸಿಟ್ಟು ನೆತ್ತಿಗೇರಿತು. ಆದರೂ ಕರೆಸಿದೆ. ಕರುಣಾ ಬಂದವಳು ಚೀಲ ನೋಡುವ ಮುಂಚೆ ಮಂಚದ ಮೇಲಿದ್ದವಳ ಮುಖವನ್ನೇ ನೋಡಿದಳು. "ನಿಮ್ಮ ಹೆಸ್ರೇನ್ರಿ?" ಎಂದು ಕೇಳಿದಳು.

ಉತ್ತರ ಕೊಡಲು ರತ್ನಾಬಾಯಿ ಬಾಯಿ ತೆರೆದಳು. ತೆರೆದವಳು ತನ್ನ ಕೈಯಿಂದಲೇ ಮುಚ್ಚಿಕೊಂಡಳು.

"ಜಗದೇವಿ ಅಂತಾರ್ರಿ ನನಗ," ಎಂದಳು ಜಗದೇವಿ.