ವಿಭೂತಿ ಹಚ್ಚಿದ ಮಗ, ರ‍್ಯಾಮ್ ಹಾಕಿದ ಮೊಮ್ಮಗಳು

ನನ್ನ ಮಗನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲಿಲ್ಲ. ಮಸ್ಕಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡು ನೀರಿನ ಮೋಟರಿನಿಂದ ಮಂಡಿನೋವಿನವರೆಗೆ ಎಲ್ಲದಕ್ಕೂ ಮದ್ದು ಹೇಳುತ್ತಾನೆ. ಕೇಳಿ ಉದ್ಧಾರವಾದವರನ್ನು ನಾನಿನ್ನೂ ನೋಡಿಲ್ಲ.

ಅವನ ಮಗಳು, ನನ್ನ ಬಂಗಾರದಂಥ ಮೊಮ್ಮಗಳು, ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಸಿಂಧನೂರಿನ ಎಂಜಿನಿಯರ್ ಒಬ್ಬರಿಗೆ ಮನೆಗಳ ನಕಾಶೆ ಬರೆದುಕೊಡುತ್ತಾಳೆ. ತುರ್ವಿಹಾಳದಲ್ಲಿ ಕಟ್ಟುವ ದೊಡ್ಡ ಮನೆಯೊಂದರ ನಕಾಶೆ ಅವಳ ಕೈಗೆ ಬಂದಿತ್ತು. ಅದನ್ನು ತೆರೆದರೆ ಸಾಕು, ಕಂಪ್ಯೂಟರ್ ಕೆಸರಲ್ಲಿ ಕೂತ ಎಮ್ಮೆಯ ಹಾಗೆ ಏಳುತ್ತಲೇ ಇರಲಿಲ್ಲ. ಸೋಮವಾರದೊಳಗೆ ಕೊಡದಿದ್ದರೆ ಕೆಲಸ ಬೇರೆಯವರಿಗೆ ಎಂದಿದ್ದರು ಎಂಜಿನಿಯರ್.

ಮಗ ಲಿಂಗಸುಗೂರಿನಿಂದ ಕಂಪ್ಯೂಟರ್ ಅಂಗಡಿಯವನೊಬ್ಬನನ್ನು ಕರೆತಂದ. ಆ ಮಹಾಶಯ ಎತ್ತಿನ ಹಲ್ಲು ನೋಡುವವನಂತೆ ಮುಖ ಮಾಡಿ, "ಇದರ ಆಯುಷ್ಯ ಮುಗದದ್ರಿ. ಗುಜರಿಗೆ ಹಾಕ್ರಿ, ನನ್ನತ್ರ ಹೊಸದು ಅದ," ಎಂದ. ಮುಚ್ಚಳವನ್ನೂ ಬಿಚ್ಚಿರಲಿಲ್ಲ. ಚಹಾ ಮಾತ್ರ ಎರಡು ಸಲ ಕುಡಿದ.

"ಅಪ್ಪಾ, ಮಷಿನ್ ಚಲೋ ಅದ. ರ‍್ಯಾಮ್ ಕಮ್ಮಿ ಬಿದ್ದದ. ಅದರ ಇನ್ನೊಂದು ಪಟ್ಟಿ ಹಾಕಿದ್ರ ಓಡ್ತದ," ಎಂದಳು ಮೊಮ್ಮಗಳು. ಹಂಚು ಸಣ್ಣದಾದರೆ ದೊಡ್ಡ ರೊಟ್ಟಿ ಬೇಯುವುದಿಲ್ಲ. ಇಷ್ಟೇ ವಿಷಯ. ಶಾಲೆ ಸರಿಯಾಗಿ ಕಾಣದ ನನಗೆ ತಿಳಿಯಿತು, ನನ್ನ ಮಗನಿಗೆ ತಿಳಿಯಲಿಲ್ಲ.

"ಬಿಚ್ಚು, ನೋಡೂಣು. ಸುಟ್ಟು ಹೋತಂದ್ರ ಇನ್ನೊಂದು ಕೊಡಸಾಂವ ನಾ ಅಲ್ಲ. ನಕಾಶಿ ಗಿಕಾಶಿ ಬಿಟ್ಟು ಅಂಗಡ್ಯಾಗ ಬಂದು ಕುಂದ್ರು," ಎಂದ.

"ನಿನ್ನ ಅಂಗಡ್ಯಾಗ ನೀನ ಕುಂದ್ರೂದಿಲ್ಲ, ಅಕಿನ್ಯಾಕ ಕರೀತೀ?" ಎಂದೆ.

ಹಳೆಯ ಪಟ್ಟಿ ಯಾವ ಜಾತಿಯದೆಂದು ನೋಡಿಕೊಂಡು ಅವಳು ಸಿಂಧನೂರಿನಿಂದ ಅದೇ ಜಾತಿಯದು ತಂದಳು. ಬೇರೆ ಜಾತಿಯದು ಒಳಗಿನ ಸೀಳಿನಲ್ಲಿ ಕೂರುವುದೇ ಇಲ್ಲವಂತೆ. ಕರೆಂಟಿನ ವೈರ್ ಕಿತ್ತು, ಒಳಗೆ ಉಳಿದದ್ದೂ ಹೋಗಲೆಂದು ಬಟನ್ ಒತ್ತಿ ಹಿಡಿದು, ಪೆಟ್ಟಿಗೆಯನ್ನು ಮೇಜಿನ ಮೇಲೆ ಮಲಗಿಸಿದಳು.

"ಅಜ್ಜಿ, ನಿನ್ನ ನೈಲಾನ್ ಸೀರಿ ದೂರ ಇರ್ಲಿ. ಚಟಪಟ ಅಂತದಲ್ಲ, ಆ ಕಿಡಿ ತಾಕಿದ್ರ ಇದು ಸಾಯ್ತದ," ಎಂದು ಪ್ರತಿಸಲ ಮೊದಲು ಪೆಟ್ಟಿಗೆಯ ಬರಿ ಕಬ್ಬಿಣ ಮುಟ್ಟಿ, ಆಮೇಲೆ ಪಟ್ಟಿ ಮುಟ್ಟಿದಳು, ಅದೂ ಅಂಚಿಗೆ.

ಮುಚ್ಚಳ ತೆಗೆದು ಅಪ್ಪನ ಕೈಗೆ ಕೊಟ್ಟಳು. ಒಳಗೆಲ್ಲ ಬೂದಿ. ಮಹಾನವಮಿಗೊಮ್ಮೆ ಮಗ ಪೂಜೆ ಮಾಡಿ, ಗಾಳಿಯ ತೂತುಗಳ ಮೇಲೆ ವಿಭೂತಿ ಸುರಿದದ್ದು.

"ಏನಪಾ, ಇದಕ್ಕ ದೀಕ್ಷಾ ಕೊಟ್ಟೀಯೇನು?" ಎಂದೆ.

"ಅಪ್ಪಾ, ಭಕ್ತಿ ಮ್ಯಾಲ ಇರ್ಲಿ, ಒಳಗ ಬ್ಯಾಡ," ಎಂದಳು ಅವಳು. ಒಣ ಬ್ರಷ್ಷಿನಿಂದ ಬೂದಿಯನ್ನು ಮೆಲ್ಲಗೆ ಜಾಡಿಸಿ, ಪಟ್ಟಿಯ ಕಚ್ಚು ನೋಡಿ ಕೂರಿಸಿ, ಎರಡೂ ತುದಿ ಒತ್ತಿದಳು.

ಹಚ್ಚಿದರೆ ಪರದೆ ಕಪ್ಪು.

"ಆತಲ್ಲ? ನಾ ಹೇಳಿದ್ದೆ," ಎಂದ ಮಗ. ಮುಖದಲ್ಲಿ ಎಲೆಕ್ಷನ್ ಗೆದ್ದ ಕಳೆ. ಮಗಳ ದುಡಿಮೆ ಹೋದರೂ ಚಿಂತೆಯಿಲ್ಲ, ತನ್ನ ಮಾತು ಗೆಲ್ಲಬೇಕು. ಇಂಥವನನ್ನು ನಾನೇ ಹೆತ್ತೆ.

ಹುಡುಗಿ ಮತ್ತೆ ವೈರ್ ಕಿತ್ತು ಬಗ್ಗಿ ನೋಡಿದಳು. ಒಂದು ತುದಿಯ ಕೊಕ್ಕೆ ಬಿದ್ದಿರಲಿಲ್ಲ. ಒತ್ತಿದಳು, ಟಕ್ಕೆಂದಿತು. ಈ ಸಲ ಪರದೆ ಸ್ವಲ್ಪ ತಡೆದು ಬೆಳಗಿತು. ತುರ್ವಿಹಾಳದ ಮನೆ ಪಡಸಾಲೆ, ಅಡುಗೆಮನೆ, ಮೆಟ್ಟಿಲುಗಳೊಂದಿಗೆ ಸರಸರನೆ ತೆರೆದುಕೊಂಡಿತು. ನಾನು ಅವಳ ಕೆನ್ನೆ ಸವರಿ ನೆಟಿಕೆ ಮುರಿದೆ. ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಅವಳು ಫೋನ್ ಹಚ್ಚಿ, "ಸರ್, ನಾಳೆ ಮುಂಜಾನಿ ಕಳಸ್ತೀನ್ರಿ," ಎಂದಳು.

ಮಗ ಚಪ್ಪಲಿ ಮೆಟ್ಟಿ ಹೋದ. ಸಂಜೆ ಎದುರುಮನೆಯಾಕೆ ಬಂದು, "ನಿಮ್ಮ ಮಗ ಕಂಪ್ಯೂಟರ್ ರಿಪೇರಿನೂ ಮಾಡ್ತಾನಂತಲ್ಲ, ಹೋಟೆಲಿನಾಗ ಹೇಳಾಕತ್ತಿದ್ದಂತ," ಎಂದಳು.

"ಹೌದವ್ವಾ," ಎಂದೆ, "ಮುಚ್ಚಳ ಹಿಡಕೊಂಡು ನಿಂತಿದ್ದ."