ಕೋದಂಡಪ್ಪನವರ ಕಿವಿ

ಪ್ರತಿ ಮಾರ್ಚ್‌ನಲ್ಲಿ ಚಿನ್ನದ ಗಣಿಯೂರಾದ ಊರಿಗಾಂನ ಮೈದಾನದಲ್ಲಿ ಸುತ್ತಲಿನ ಹೈಸ್ಕೂಲುಗಳ ಆಯ್ದ ಹುಡುಗರ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಅದಕ್ಕೆ ಕೋದಂಡಪ್ಪನವರು ದಂಡಯಾತ್ರೆಗೆ ಹೊರಟ ಚಕ್ರವರ್ತಿಯ ಠೀವಿಯಲ್ಲಿ ಬರುತ್ತಿದ್ದರು. ಇಸ್ತ್ರಿಯ ಕೋಟು, ಬಿಳಿ ರುಮಾಲು, ಕಂಕುಳಲ್ಲಿ ಮಡಿಚುವ ಕುರ್ಚಿ. ಆ ಸಿಂಹಾಸನವನ್ನು ಅಂಕಣಕ್ಕೆ ಬೆನ್ನು ಮಾಡಿ ಸ್ಥಾಪಿಸಿ, ಕಣ್ಣು ಮುಚ್ಚಿ ಕೂತರೆ ಆಟ ಶುರುವಾಯಿತೆಂದೇ ಲೆಕ್ಕ.

ಇಪ್ಪತ್ತೆಂಟು ವರ್ಷದಿಂದ ಗಣಿಯೊಳಗೆ ಮರದ ಆಧಾರ ನಿಲ್ಲಿಸುತ್ತಿದ್ದವರು ಅವರು. ಬಂಡೆ ಕುಸಿಯುವ ಮೊದಲು ಮರ ನರಳುವುದನ್ನು ಕತ್ತಲಲ್ಲಿ ಕೇಳಿಸಿಕೊಂಡೇ ಬದುಕಿದವರು. "ಕಣ್ಣು ಎತ್ತರ ನೋಡಿ ಮೋಸ ಓಗ್ತದೆ ಕಣ್ಲಾ, ಕಿವಿ ಓಗಲ್ಲ" ಎನ್ನುತ್ತಿದ್ದರು. ಚೆಂಡಿನ ಪುಟಿತ, ಹೆಜ್ಜೆ, ಉಸಿರು, ಇಷ್ಟರಲ್ಲೇ ಅವರು ಆರಿಸಿದ ಆರು ಹುಡುಗರು ಬೆಂಗಳೂರಿನ ಕಾಲೇಜೊಂದರಲ್ಲಿ ಮೆರೆದಿದ್ದರು. ಆ ಕಾಲೇಜಿನ ಆಟದ ಮೇಷ್ಟರಿಗೆ ಕೋದಂಡಪ್ಪನವರ ಕಿವಿಯೆಂದರೆ ದೇವವಾಣಿ.

ಐವತ್ತೆಂಟನೆಯ ಇಸವಿಯಲ್ಲಿ ಆ ಕಾಲೇಜಿನಲ್ಲಿ ಆಟದ ಹುಡುಗರಿಗೆ ಇದ್ದದ್ದು ಒಂದೇ ಸೀಟು. ಫೀಜಿಲ್ಲ, ಹಾಸ್ಟೆಲ್ಲಿನ ಊಟ. ಅದು ಕುಪ್ಪುಸ್ವಾಮಿಗೇ ಎಂದು ಕೋದಂಡಪ್ಪನವರು ಒಳಗೊಳಗೇ ಹಾರೈಸಿದ್ದರು. ಅವನಪ್ಪ ಗಣಿಯಲ್ಲಿ ಅವರ ಜೋಡಿಯಾಗಿದ್ದವನು. ಎದೆಯಲ್ಲಿ ಕಲ್ಲಿನ ಧೂಳು ತುಂಬಿ ತೀರಿಕೊಂಡಿದ್ದ. ಸೀಟು ಸಿಗದಿದ್ದರೆ ಮಗನಿಗೆ ಅಪ್ಪನ ಕೆಲಸ, ಅದೇ ಗಣಿ, ಅದೇ ಧೂಳು.

ಮೊದಲರ್ಧ ಕುಪ್ಪುಸ್ವಾಮಿಯ ಹೆಜ್ಜೆ ಮೃದಂಗದಂತಿತ್ತು. ಕೋದಂಡಪ್ಪನವರು ಮೀಸೆಯೊಳಗೇ ನಕ್ಕರು. ವಿರಾಮ ಮುಗಿದು ಎರಡನೆಯ ಅರ್ಧ ಶುರುವಾದದ್ದೇ ಬೆನ್ನ ಹಿಂದೆ ಹುಡುಗ ಕೆಮ್ಮಿದ. ಒಣ ಕೆಮ್ಮು. ಮತ್ತೆ ಕೆಮ್ಮಿದ. ಜೋಡಿಗಾರನ ಕೊನೆಯ ವರ್ಷದ ಕೆಮ್ಮು ಅದೇ ಎಂದಿತು ಕಿವಿ. ಕೋದಂಡಪ್ಪನವರ ಮುಖ ಬೂದಿಯಾಯಿತು. ಆದರೂ ತಿರುಗಿ ನೋಡಲಿಲ್ಲ; ಚಕ್ರವರ್ತಿ ತಿರುಗಿ ನೋಡುವುದುಂಟೆ?

"ಕುಪ್ಪುಸ್ವಾಮಿ ಬೇಡಿ ಸಾರ್. ಎದೆ ಸರಿ ಇಲ್ಲ," ಎಂದು, ಆಟ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ಬಂದ ಮೇಷ್ಟರಿಗೆ ಹೇಳಿ, ಬೇರೊಬ್ಬನನ್ನು ಸೂಚಿಸಿದರು.

ಅಂದು ಸಂಜೆ ಹೆಂಡತಿ ಆದಿಲಕ್ಷ್ಮಮ್ಮ ಕಾಫಿ ಕೊಡುತ್ತಾ ನಕ್ಕರು. "ವಿರಾಮದಾಗೆ ಉಡುಗ್ರಿಗೆ ಉರಿಹಿಟ್ಟು ಕೊಟ್ನಾ? ಆ ಕುಪ್ಪುಸ್ವಾಮಿ ಬಾಯ್ತುಂಬ ಹಾಕ್ಕೊಂಡೇ ಓಡಿದ. ಗಂಟ್ಲಿಗೆ ಅಡರಿ ಏನ್ ಕೆಮ್ಮು ಅಂತೀರಾ! ಮೂತಿಯೆಲ್ಲ ಬೆಳ್ಳಗೆ. ನೀವು ನೋಡ್ಲಿಲ್ವಾ?"

ಮಾರನೆಯ ಬೆಳಿಗ್ಗೆ ಕೋದಂಡಪ್ಪನವರು ಮೊದಲ ರೈಲು ಹತ್ತಿದರು. ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ, ಬೆಂಗಳೂರು ಮುಟ್ಟಿ, ಮೇಷ್ಟರ ಮುಂದೆ ರುಮಾಲು ತೆಗೆದು ನಿಂತರು. "ನನ್ನ ಕಿವಿ ತಪ್ಪಿತು ಸಾರ್. ಅದು ಬರೀ ಹುರಿಹಿಟ್ಟು."

ಮೇಷ್ಟರು ಅವರ ಭುಜ ಮುಟ್ಟಿದರು. "ಗೆಳೆಯನ ಮಗ ಅಲ್ವೇ ಕೋದಂಡಪ್ಪನೋರೇ? ಹತ್ತು ವರ್ಷದಲ್ಲಿ ನಿಮ್ಮ ಕಿವಿ ತಪ್ಪಿಲ್ಲ. ಈಗ ಮಾತಾಡ್ತಿರೋದು ಕಿವಿಯಲ್ಲ, ಕರುಳು."

ಎಷ್ಟು ಆಣೆ ಇಟ್ಟರೂ ಮೇಷ್ಟರು ನಂಬಲಿಲ್ಲ.

ಜೂನ್‌ನ ಒಂದು ಪಾಳಿಯಲ್ಲಿ ಆಳುಗಳನ್ನು ಗಣಿಗಿಳಿಸುವ ಕಬ್ಬಿಣದ ತೊಟ್ಟಿಲಿನಲ್ಲಿ ಕುಪ್ಪುಸ್ವಾಮಿ ಅವರ ಪಕ್ಕದಲ್ಲೇ ನಿಂತಿದ್ದ. ಅವನ ಎತ್ತರಕ್ಕೆ ಅದರೊಳಗೆ ಕತ್ತು ಬಗ್ಗಿಸಬೇಕಾಗಿತ್ತು.

"ಮಾಮಾ, ಒಂದು ಕೇಳ್ಲಾ? ಬೇಜಾರ್ ಮಾಡ್ಕೋಬಾರ್ದು. ನನ್ನ ಆಟದಲ್ಲಿ ಏನು ತಪ್ಪಿತ್ತು?"

"ಏನೂ ಇರ್ಲಿಲ್ಲ ಕಣ್ಲಾ."

"ಮತ್ತೆ?"

ಕೋದಂಡಪ್ಪನವರು ಬಾಯಿ ತೆರೆದರು. ಗಂಟೆ ಬಡಿಯಿತು, ತೊಟ್ಟಿಲು ಕೆಳಗಿಳಿಯತೊಡಗಿತು. ಹುಡುಗ ಉತ್ತರಕ್ಕಾಗಿ ಅವರತ್ತ ಇನ್ನಷ್ಟು ಬಾಗಿದ.